ಬಿಗಿದ ಹೆಗಲಿಗೆ ಹಿತವಾದ ಒತ್ತಡ

ಸಂಜೆಯಾಗುತ್ತಲೇ ಹೆಗಲು ಕಲ್ಲಿನಂತೆ ಬಿಗಿದುಕೊಳ್ಳುತ್ತದೆಯೇ? ‘ರೀ, ಇಲ್ಲಿ ಸ್ವಲ್ಪ ಒತ್ತಿಕೊಡಿ’ ಅನ್ನಬೇಕು ಅನಿಸುತ್ತದೆಯೇ? ಹೇಳಿ, ಸಂಕೋಚ ಬೇಡ. ಆದರೆ ಎಷ್ಟು ಒತ್ತಬೇಕು, ಎಲ್ಲಿ ಒತ್ತಬಾರದು ಅನ್ನೋದು ಇಬ್ಬರಿಗೂ ಗೊತ್ತಿರಲಿ.

ಬಿಗಿತ ಏಕೆ?

ನಮ್ಮ ತಲೆಯ ತೂಕ ಸುಮಾರು 5 ಕೆ.ಜಿ. ತರಕಾರಿ ಹೆಚ್ಚುವಾಗ, ಮೊಬೈಲ್ ನೋಡುವಾಗ ಬಾಗಿದ ತಲೆಯನ್ನು ಹಿಡಿದಿಡುವ ಕೆಲಸ ಕುತ್ತಿಗೆ, ಹೆಗಲಿನ ಸ್ನಾಯುಗಳದ್ದು. ಹೀಗೆ ಬಿಡುವಿಲ್ಲದೆ ಬಿಗಿದಿರುವ ಸ್ನಾಯುವಿನೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ. ಸ್ನಾಯು ಬಿಗಿಯಲು ಮಾತ್ರವಲ್ಲ, ಸಡಿಲಗೊಳ್ಳಲೂ ಶಕ್ತಿ ಬೇಕು. ಜೊತೆಗೆ, ನೋವಿರುವ ಜಾಗ ಅಲುಗದಂತೆ ಕಾಯಲು ಅದು ಇನ್ನಷ್ಟು ಬಿಗಿಯುತ್ತದೆ. ಚಿಂತೆ, ನಿದ್ದೆಗೇಡು ಸೇರಿದರಂತೂ ಕೇಳೋದೇ ಬೇಡ.

ಒತ್ತಿದರೆ ಹಿತವೇಕೆ?

ಮೊಣಕೈ ಬಾಗಿಲಿಗೆ ತಗುಲಿದರೆ ತಕ್ಷಣ ಉಜ್ಜಿಕೊಳ್ಳುತ್ತೇವಲ್ಲ, ಗುಟ್ಟು ಅಲ್ಲೇ ಇದೆ. ಸ್ಪರ್ಶ, ಒತ್ತಡದ ಸಂದೇಶಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಬಾಗಿಲು ಹಾಕುತ್ತವೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ವಿವರಿಸಿದರು. ನೋವು ತಗ್ಗಿದರೆ ಸ್ನಾಯುವೂ ಪಟ್ಟು ಸಡಿಲಿಸುತ್ತದೆ. ಜೋರಾಗಿ ಅಮುಕಿದರೋ, ಹೆದರಿ ಮತ್ತೆ ಬಿಗಿಯುತ್ತದೆ!

ಹೀಗೆ ಮಾಡಿ

* ಬಿಸಿನೀರಿನ ಬ್ಯಾಗಿಗೆ ಬಟ್ಟೆ ಸುತ್ತಿ 10 ನಿಮಿಷ ಶಾಖ ಕೊಡಿ.

* ಉಗುರುಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಅಂಗೈಯಿಂದ ನಿಧಾನವಾಗಿ ನೀವಿ.

* ಗಂಟಿನಂತೆ ಸಿಗುವ ಜಾಗವನ್ನು ಹೆಬ್ಬೆರಳಿನಿಂದ 20-30 ಸೆಕೆಂಡ್ ಒತ್ತಿ ಹಿಡಿಯಿರಿ. ಉಸಿರು ಬಿಗಿಹಿಡಿಯುವಷ್ಟು ನೋವಾದರೆ ಒತ್ತಡ ಕಡಿಮೆ ಮಾಡಿ.

* ಒತ್ತೋರು ಯಾರೂ ಇಲ್ಲವೇ? ಬೆನ್ನಿಗೂ ಗೋಡೆಗೂ ನಡುವೆ ಟೆನಿಸ್ ಚೆಂಡಿಟ್ಟು ಒರಗಿ. ಚೆಂಡು ಬೆನ್ನುಮೂಳೆಯ ಮೇಲೆ ಬರದಿರಲಿ.

* ಮಸಾಜಿನ ಹಿತ ಕೆಲಹೊತ್ತಿನದು. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ, ಹೆಗಲು ತಿರುಗಿಸಿ.

ಎಚ್ಚರ ಇರಲಿ

ಕುತ್ತಿಗೆಯ ಮುಂಭಾಗವನ್ನು ಒತ್ತಬೇಡಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಲೇಬೇಡಿ; ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ವೈದ್ಯರಿಗೆ ತೋರಿಸಿ. ಕೈ ಜೋಮು ಹಿಡಿದು ಬಲ ಕುಂದಿದರೂ ತಡಮಾಡಬೇಡಿ. ಹೆಗಲು, ದವಡೆ ಅಥವಾ ಕೈನೋವಿನ ಜೊತೆ ಎದೆಭಾರ, ಏದುಸಿರು, ತಣ್ಣನೆಯ ಬೆವರು ಕಂಡರೆ ಅದು ಹೃದಯದ ತೊಂದರೆ ಇರಬಹುದು. ಎಣ್ಣೆ ಬಿಸಿ ಮಾಡುತ್ತಾ ಕೂರದೆ 108ಕ್ಕೆ ಕರೆ ಮಾಡಿ.

‘ಕೆಲಸ ಮಾಡಿದರೆ ಮೈಕೈ ನೋವು ಇದ್ದದ್ದೇ’ ಎಂದು ನುಂಗಿಕೊಳ್ಳುವುದು ನಮ್ಮ ಹಳೇ ಚಾಳಿ. ಮನೆಯವರ ನೋವಿಗೆ ಓಡುವ ನಾವು ನಮ್ಮ ನೋವನ್ನೂ ಒಂದಿಷ್ಟು ಕೇಳಿಸಿಕೊಳ್ಳೋಣ.