ಸತ್ತವರಿಗಾಗಿ ಪ್ರಾರ್ಥನೆ: ಬೈಬಲ್‌ನಲ್ಲಿ ಎಲ್ಲಿದೆ?

ಕ್ರಿಸ್ತಪೂರ್ವ 2ನೇ ಶತಮಾನದ ಮಾತು. ಗ್ರೀಕ್ ದೊರೆಗಳ ವಿರುದ್ಧ ದಂಗೆಯೆದ್ದ ಯೆಹೂದ್ಯರ ಪಡೆಗೆ ಯೂದ ಮಕ್ಕಬಿ ದಂಡನಾಯಕ. ಒಂದು ಕಾಳಗ ಮುಗಿದು ಸಬ್ಬತ್ ದಿನವೂ ಕಳೆದ ಮೇಲೆ, ಸತ್ತ ತಮ್ಮವರನ್ನು ಮಣ್ಣು ಮಾಡಲು ಸೈನಿಕರು ರಣರಂಗಕ್ಕೆ ಹೋಗುತ್ತಾರೆ. ಹೆಣ ಎತ್ತುವಾಗ ಅಂಗಿಗಳ ಒಳಗಿಂದ ತಾಯಿತಗಳು ಸಿಗುತ್ತವೆ. ಯಮ್ನಿಯ ಊರಿನ ವಿಗ್ರಹಗಳ ತಾಯಿತಗಳವು. ಯೆಹೂದ್ಯನಾದವನು ಅವನ್ನು ಮುಟ್ಟುವಂತಿಲ್ಲ. ತಮ್ಮ ದೇವರಿಗಾಗಿ ಕತ್ತಿ ಹಿಡಿದವರು ಯಾವುದಕ್ಕೂ ಇರಲಿ ಎಂದು ನೆರೆಯವರ ದೇವರನ್ನೂ ಮೈಮೇಲೆ ಕಟ್ಟಿಕೊಂಡಿದ್ದರು. ಯೂದ ಸೈನಿಕರಿಂದ ವಂತಿಗೆ ಎತ್ತಿ, ಸುಮಾರು ಎರಡು ಸಾವಿರ ದ್ರಾಖ್ಮ ಬೆಳ್ಳಿಯನ್ನು ಜೆರುಸಲೇಮಿಗೆ ಕಳಿಸಿ, ಆ ಸತ್ತವರ ಪಾಪ ಪರಿಹಾರಕ್ಕೆ ಬಲಿ ಕೊಡಿಸುತ್ತಾನೆ. ಸತ್ತವರು ಮತ್ತೆ ಏಳುತ್ತಾರೆಂಬ ನಂಬಿಕೆ ಇಲ್ಲದಿದ್ದರೆ ಇದೆಲ್ಲ ದಂಡವಾಗುತ್ತಿತ್ತು ಎಂದು ಕಥೆ ಬರೆದವನು ನಡುವೆ ತನ್ನದೊಂದು ಮಾತು ಸೇರಿಸುತ್ತಾನೆ.

ಈ ಪ್ರಸಂಗ ಬರುವುದು ಮಕ್ಕಬಿಯರ ಎರಡನೆಯ ಪುಸ್ತಕದ 12ನೇ ಅಧ್ಯಾಯದಲ್ಲಿ. ಕಥೋಲಿಕರ ಮನೆಯ ಬೈಬಲ್‌ನಲ್ಲಿ ಅದನ್ನು ಓದಬಹುದು. ಪಕ್ಕದ ಪ್ರೊಟೆಸ್ಟೆಂಟರ ಮನೆಯ ಸತ್ಯವೇದದಲ್ಲಿ ಹುಡುಕಿದರೆ ಅಧ್ಯಾಯವಷ್ಟೇ ಅಲ್ಲ, ಪುಸ್ತಕವೇ ಇರುವುದಿಲ್ಲ. ಕಥೋಲಿಕರದು 73 ಪುಸ್ತಕಗಳ ಬೈಬಲ್, ಪ್ರೊಟೆಸ್ಟೆಂಟರದು 66. ಹೊಸ ಒಡಂಬಡಿಕೆಯ 27 ಪುಸ್ತಕಗಳ ಬಗ್ಗೆ ತಕರಾರಿಲ್ಲ. ಜಗಳವೆಲ್ಲ ಹಳೆಯ ಒಡಂಬಡಿಕೆಯ ಏಳು ಪುಸ್ತಕಗಳದು.

ಕಥೋಲಿಕರ ಯಾವುದಾದರೂ ಆಚರಣೆಯನ್ನು ಹಿಡಿದು ಇದು ಬೈಬಲ್‌ನಲ್ಲಿ ಇದೆಯೇ ಎಂದು ಕೇಳುವವರು ಸಾಮಾನ್ಯವಾಗಿ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರ ಬಯಸುತ್ತಾರೆ. ಅದಕ್ಕೂ ಮೊದಲು ಎರಡು ಸಂಗತಿ ಇತ್ಯರ್ಥವಾಗಬೇಕು: ಯಾವ ಬೈಬಲ್, ಮತ್ತು ಬೈಬಲ್ ಒಂದೇ ಸಾಕ್ಷಿಯೇ. ಇವೆರಡೂ ಎಷ್ಟು ತೊಡಕಿನವು ಎಂಬುದು ಸತ್ತವರಿಗಾಗಿ ಮಾಡುವ ಪ್ರಾರ್ಥನೆಯಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ಹಾಗಾಗಿ ಈ ಅಧ್ಯಾಯದ ಹೆಚ್ಚಿನ ಪುಟಗಳನ್ನು ಅದಕ್ಕೇ ಕೊಟ್ಟಿದ್ದೇವೆ.

ನಂಬಿಕೆ ಏನೆಂದು ಮೊದಲು ನೋಡೋಣ. ದೇವರ ಕೃಪೆಯಲ್ಲೇ ಸತ್ತು, ಆದರೆ ಪೂರ್ತಿ ಶುದ್ಧರಾಗದೆ ಉಳಿದವರು ಸ್ವರ್ಗ ಸೇರುವ ಮುನ್ನ ಶುದ್ಧಿ ಹೊಂದುತ್ತಾರೆ. ಬದುಕಿರುವವರ ಪ್ರಾರ್ಥನೆ, ಅದರಲ್ಲೂ ಬಲಿಪೂಜೆ, ಅವರಿಗೆ ನೆರವಾಗುತ್ತದೆ. ಈ ಶುದ್ಧಿಯ ಹಂತವನ್ನೇ ಶುದ್ಧೀಕರಣ ಸ್ಥಳ ಎನ್ನುವುದು. ನವೆಂಬರ್ 2ರಂದು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕಥೋಲಿಕರು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೊಂಬತ್ತಿ ಹಚ್ಚಿ, ಗುರುಗಳಿಂದ ಮಂತ್ರಜಲ ಹಾಕಿಸುವುದು ಈ ನಂಬಿಕೆಯಿಂದಲೇ. ಆ ದಿನವನ್ನು ರೂಢಿಗೆ ತಂದವರು ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಓಡಿಲೊ, ಸುಮಾರು ಸಾವಿರ ವರ್ಷಗಳ ಹಿಂದೆ.

ಲೈಪ್‌ಜಿಗ್‌ನ ವಾದ

1517ರಲ್ಲಿ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ 95 ವಾದಾಂಶಗಳನ್ನು ಮುಂದಿಟ್ಟಿದ್ದು ಶುದ್ಧೀಕರಣ ಸ್ಥಳವೇ ಸುಳ್ಳು ಎಂದಲ್ಲ. ಅದರ ಹೆಸರಿನಲ್ಲಿ ನಡೆಯುತ್ತಿದ್ದ ವ್ಯಾಪಾರ ಅವರನ್ನು ಕೆರಳಿಸಿತ್ತು. ಡೊಮಿನಿಕನ್ ಸನ್ಯಾಸಿ ಟೆಟ್ಸೆಲ್ ಊರೂರು ಸುತ್ತಿ ಪಾಪದಂಡನೆಯ ಮಾಫಿ ಪತ್ರಗಳನ್ನು ಹಂಚಿ ಕಾಣಿಕೆ ಎತ್ತುತ್ತಿದ್ದ. ದುಡ್ಡು ಕೊಟ್ಟರೆ ಸತ್ತ ಅಪ್ಪ ಅಮ್ಮಂದಿರಿಗೂ ಬಿಡುಗಡೆ ಎಂಬ ಭರವಸೆ ಬೇರೆ. ರೋಮಿನ ಸಂತ ಪೇತ್ರರ ಮಹಾದೇವಾಲಯ ಕಟ್ಟಲು ಎಂದು ಹೇಳಿದ ಆ ಹಣದ ಅರ್ಧ, ಮೈನ್ಸ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ತನ್ನ ಪದವಿಗಾಗಿ ಫುಗ್ಗರ್ ಸಾಹುಕಾರರಿಂದ ಎತ್ತಿದ ಸಾಲಕ್ಕೆ ಜಮೆಯಾಗುತ್ತಿತ್ತು.

ಎರಡು ವರ್ಷದ ಮೇಲೆ, 1519ರಲ್ಲಿ, ಲೈಪ್‌ಜಿಗ್‌ನಲ್ಲಿ ಬಹಿರಂಗ ವಾದ ನಡೆಯಿತು. ಎದುರಾಳಿ ಯೊಹಾನ್ ಎಕ್ ಪಳಗಿದ ವಾದಿ. ಶುದ್ಧೀಕರಣ ಸ್ಥಳಕ್ಕೆ ಆಧಾರ ಕೇಳಿದಾಗ ಆತ ಮುಂದಿಟ್ಟಿದ್ದು ಮಕ್ಕಬಿಯರ ಪುಸ್ತಕವನ್ನೇ. ಲೂಥರ್ ಕೊಟ್ಟ ಉತ್ತರ ಕುತೂಹಲದ್ದು. ಶುದ್ಧೀಕರಣ ಸ್ಥಳ ಇದೆಯೆಂದು ತಾನೂ ನಂಬುವುದಾಗಿ ಅವರು ಆಗ ಒಪ್ಪಿದರು. ಆದರೆ ಆ ಪುಸ್ತಕ ಅಧಿಕೃತ ಗ್ರಂಥಗಳ ಸಾಲಿನದಲ್ಲ, ಅದರಿಂದ ಸಿದ್ಧಾಂತ ಸ್ಥಾಪಿಸಲಾಗದು ಎಂದರು. ಶುದ್ಧೀಕರಣ ಸ್ಥಳವನ್ನೇ ಅವರು ಪೂರ್ತಿ ತಳ್ಳಿಹಾಕಿದ್ದು ಮುಂದೆ 1530ರಲ್ಲಿ.

ಲೂಥರ್ ಏಳು ಪುಸ್ತಕ ಕಿತ್ತೆಸೆದರು ಎಂದು ಕಥೋಲಿಕರು ಹೇಳುವುದುಂಟು. ಟ್ರೆಂಟ್ ಮಹಾಸಭೆಯಲ್ಲಿ ಕಥೋಲಿಕರೇ ಏಳು ಪುಸ್ತಕ ಸೇರಿಸಿಕೊಂಡರು ಎಂದು ಪ್ರೊಟೆಸ್ಟೆಂಟರು ಹೇಳುವುದುಂಟು. ಎರಡೂ ಅರೆಸತ್ಯ. ಯೆಹೂದ್ಯರ ಹಿಬ್ರೂ ಬೈಬಲ್‌ನಲ್ಲಿಲ್ಲದ ಈ ಪುಸ್ತಕಗಳು ಓದಿಗೆ ಒಳ್ಳೆಯವು, ಸಿದ್ಧಾಂತಕ್ಕಲ್ಲ ಎಂದು ಲೂಥರ್‌ಗಿಂತ ಸಾವಿರ ವರ್ಷಕ್ಕೂ ಹಿಂದೆ ಹೇಳಿದವರು ಲ್ಯಾಟಿನ್ ಬೈಬಲ್‌ನ ಅನುವಾದಕ ಸಂತ ಜೆರೋಮ್. ಅದೇ ಕಾಲದ ಸಂತ ಅಗಸ್ಟೀನ್ ಒಪ್ಪಲಿಲ್ಲ. ಉತ್ತರ ಆಫ್ರಿಕದ ಹಿಪ್ಪೊ (393) ಮತ್ತು ಕಾರ್ಥೇಜ್ (397) ಸಭೆಗಳು ಆ ಪುಸ್ತಕಗಳನ್ನು ಪಟ್ಟಿಯಲ್ಲಿ ಇಟ್ಟುಕೊಂಡವು. 1442ರ ಫ್ಲಾರೆನ್ಸ್ ಮಹಾಸಭೆಯ ಪಟ್ಟಿಯಲ್ಲೂ ಅವಿವೆ. ಆದರೂ ಒಳಗೊಳಗೆ ಅನುಮಾನ ಸತ್ತಿರಲಿಲ್ಲ. 1518ರಲ್ಲಿ ಲೂಥರ್‌ರನ್ನು ಕರೆಸಿ ವಿಚಾರಿಸಿದ ಕಾರ್ಡಿನಲ್ ಕಯೆತಾನ್ ಕೂಡ ಈ ವಿಷಯದಲ್ಲಿ ಜೆರೋಮ್ ಪಕ್ಷದವರೇ! 1546ರಲ್ಲಿ ಟ್ರೆಂಟ್ ಮಾಡಿದ್ದು ಆ ಚರ್ಚೆಗೆ ಬೀಗ ಹಾಕಿದ್ದು.

ಲೂಥರ್ ತಮ್ಮ 1534ರ ಜರ್ಮನ್ ಬೈಬಲ್‌ನಲ್ಲಿ ಈ ಪುಸ್ತಕಗಳನ್ನು ಬಿಡಲಿಲ್ಲ, ಎರಡು ಒಡಂಬಡಿಕೆಗಳ ನಡುವೆ ಬೇರೆ ಗುಂಪಾಗಿ ಇಟ್ಟರು. 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲ್‌ನಲ್ಲೂ ಅವಿದ್ದವು. ಬ್ರಿಟಿಷ್ ಬೈಬಲ್ ಸೊಸೈಟಿ ಅವನ್ನು ಅಚ್ಚು ಹಾಕಿಸುವುದಿಲ್ಲ ಎಂದು ತೀರ್ಮಾನಿಸಿದ್ದು 1826ರಲ್ಲಿ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರು ಕನ್ನಡ ಬೈಬಲ್ ಸಿದ್ಧಪಡಿಸಿದ ಕಾಲವೂ ಅದೇ.

ಉಳಿದ ವಚನಗಳು

ಮಕ್ಕಬಿಯರ ಪುಸ್ತಕ ಬೈಬಲ್ಲೇ ಎಂದು ಒಪ್ಪಿಕೊಂಡರೂ ಕಥೋಲಿಕರ ಪಾಡು ಸಲೀಸಲ್ಲ. ಆ ಸೈನಿಕರು ಮಾಡಿದ್ದು ವಿಗ್ರಹಾರಾಧನೆ. ಕಥೋಲಿಕರ ಲೆಕ್ಕದಲ್ಲೇ ಅದು ಘೋರ ಪಾಪ, ಶುದ್ಧೀಕರಣ ಸ್ಥಳವಿರುವುದೋ ಕೃಪೆಯಲ್ಲಿ ಸತ್ತವರಿಗೆ. ಹಾಗಾಗಿ ಸತ್ತವರಿಗಾಗಿ ಪ್ರಾರ್ಥಿಸುವ ರೂಢಿ ಯೆಹೂದ್ಯರಲ್ಲಿ ಯೇಸುವಿಗಿಂತ ಮೊದಲೇ ಇತ್ತು ಎಂಬುದಕ್ಕೆ ಈ ಕಥೆ ಗಟ್ಟಿ ಸಾಕ್ಷಿ. ಶುದ್ಧೀಕರಣ ಸ್ಥಳಕ್ಕೆ ಅಷ್ಟು ಗಟ್ಟಿಯಲ್ಲ.

ಹೊಸ ಒಡಂಬಡಿಕೆಯಿಂದ ಕಥೋಲಿಕರು ತೋರಿಸುವ ಮುಖ್ಯ ವಚನ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದ್ದು. ಒಬ್ಬ ಚಿನ್ನ, ಬೆಳ್ಳಿಯಿಂದ ಕಟ್ಟುತ್ತಾನೆ, ಇನ್ನೊಬ್ಬ ಮರ, ಹುಲ್ಲಿನಿಂದ. ಕೊನೆಯ ದಿನ ಬೆಂಕಿ ಎಲ್ಲವನ್ನೂ ಪರೀಕ್ಷಿಸುತ್ತದೆ. ಕಟ್ಟಿದ್ದು ಸುಟ್ಟುಹೋದವನು ನಷ್ಟಪಟ್ಟರೂ ಬೆಂಕಿಯ ನಡುವಿನಿಂದ ಪಾರಾದವನ ಹಾಗೆ ಉಳಿಯುತ್ತಾನೆ. ಶುದ್ಧೀಕರಣದ ಚಿತ್ರ ಮನಸ್ಸಿಗೆ ಬಾರದೆ ಇದನ್ನು ಓದುವುದು ಕಷ್ಟ. ಆದರೆ ಹಿಂದಿನ ಸಾಲುಗಳಿಂದ ಓದಿಕೊಂಡು ಬಂದರೆ ಪೌಲ ಮಾತಾಡುತ್ತಿರುವುದು ಸಭೆಗಳನ್ನು ಕಟ್ಟಿದ ಬೋಧಕರ ಕೆಲಸದ ಬಗ್ಗೆ. ಬೆಂಕಿ ಬೀಳುವುದು ಅವರ ಕೆಲಸದ ಮೇಲೆ. ಮತ್ತಾಯನ 12ನೇ ಅಧ್ಯಾಯದಲ್ಲಿ ಒಂದು ಪಾಪಕ್ಕೆ ಈ ಯುಗದಲ್ಲೂ ಬರುವ ಯುಗದಲ್ಲೂ ಕ್ಷಮೆಯಿಲ್ಲ ಎಂದಿದೆ. ಹಾಗಾದರೆ ಮಿಕ್ಕ ಕೆಲವಕ್ಕೆ ಬರುವ ಯುಗದಲ್ಲಿ ಕ್ಷಮೆ ಇರಬೇಕಲ್ಲ ಎಂದು ತರ್ಕಿಸಿದವರು 6ನೇ ಶತಮಾನದ ಪೋಪ್ ಮಹಾ ಗ್ರೆಗೊರಿ. ಜಾಣ ತರ್ಕ, ಆದರೆ ತರ್ಕವೇ.

ಎದುರು ಪಕ್ಷ ಲೂಕನನ್ನು ತೆರೆಯುತ್ತದೆ. ಶಿಲುಬೆಯ ಮೇಲಿನ ಕಳ್ಳನಿಗೆ ಅಂದೇ ಪರದೈಸಿನ ವಾಗ್ದಾನ ಸಿಕ್ಕಿತು. ಅವನಿಗಿಂತ ಹೆಚ್ಚು ಶುದ್ಧಿ ಬೇಕಾಗಿದ್ದವನು ಯಾರು? ಶ್ರೀಮಂತ ಮತ್ತು ಲಾಜರನ ಸಾಮತಿಯಲ್ಲಿ ಇಬ್ಬರ ನಡುವೆ ದಾಟಲಾಗದ ಕಂದಕವಿದೆ, ಮೂರನೆಯ ಜಾಗದ ಸುಳಿವಿಲ್ಲ. ಇವೂ ಗಟ್ಟಿ ವಚನಗಳೇ. ಆದರೆ ಒಬ್ಬ ಕಳ್ಳನಿಗೆ ಸಿಕ್ಕ ಕೃಪೆಯನ್ನು ಎಲ್ಲರಿಗೂ ಅನ್ವಯವಾಗುವ ಕಾಯಿದೆ ಮಾಡುವುದೂ ತರ್ಕವೇ ತಾನೆ.

ಕಾರ್ಥೇಜಿನ ಸಾಕ್ಷಿ

ವಚನಗಳ ಜಗ್ಗಾಟಕ್ಕಿಂತ ನನಗೆ ಹೆಚ್ಚು ಬೆಲೆಯದೆನಿಸುವುದು ಆದಿ ಕ್ರೈಸ್ತರು ನಿಜಕ್ಕೂ ಏನು ಮಾಡುತ್ತಿದ್ದರು ಎಂಬ ಸಂಗತಿ. ಕ್ರಿ.ಶ. 203ರಲ್ಲಿ ಕಾರ್ಥೇಜಿನ ಸೆರೆಮನೆಯಲ್ಲಿ ಸಾವಿಗೆ ಕಾದಿದ್ದ ಪೆರ್ಪೆತುವಾ ಎಂಬ ಎಳೆಯ ತಾಯಿ ದಿನಚರಿ ಬರೆದಿಟ್ಟಳು. ಮುಖದ ಹುಣ್ಣಿನಿಂದ ಏಳು ವರ್ಷಕ್ಕೇ ಸತ್ತಿದ್ದ ಅವಳ ತಮ್ಮ ದಿನೋಕ್ರಾತೆಸ್ ಕನಸಿನಲ್ಲಿ ಕಾಣುತ್ತಾನೆ. ಕತ್ತಲು, ಸೆಕೆ, ಬಾಯಾರಿಕೆ. ಎದುರಿಗೆ ನೀರಿನ ತೊಟ್ಟಿ, ಆದರೆ ಅಂಚು ಅವನ ಎತ್ತರಕ್ಕಿಂತ ಮೇಲೆ. ಅವಳು ಹಗಲು ರಾತ್ರಿ ಅವನಿಗಾಗಿ ಪ್ರಾರ್ಥಿಸುತ್ತಾಳೆ. ಮತ್ತೊಂದು ಕನಸಿನಲ್ಲಿ ತೊಟ್ಟಿಯ ಅಂಚು ಹುಡುಗನ ಹೊಕ್ಕುಳ ಮಟ್ಟಕ್ಕೆ ಇಳಿದಿದೆ. ಹುಣ್ಣಿನ ಜಾಗದಲ್ಲಿ ಬರೀ ಕಲೆ. ನೀರು ಕುಡಿದು ಮಕ್ಕಳ ಹಾಗೆ ಆಡಲು ಓಡುತ್ತಾನೆ. ಇದು ಬೈಬಲ್ಲಲ್ಲ, ಒಬ್ಬ ಹೆಂಗಸಿನ ಕನಸು. ಆದರೆ ಸತ್ತ ತಮ್ಮನಿಗಾಗಿ ಪ್ರಾರ್ಥಿಸಬಹುದೇ ಎಂಬ ಪ್ರಶ್ನೆ ಅವಳಿಗೆ ಹೊಳೆಯಲೇ ಇಲ್ಲ ಎಂಬುದನ್ನು ಗಮನಿಸಬೇಕು.

ಅದೇ ಊರಿನ ಅದೇ ಕಾಲದ ಲೇಖಕ ತೆರ್ತುಲ್ಲಿಯನ್ ಇನ್ನೂ ಬಿಡಿಸಿ ಹೇಳುತ್ತಾರೆ. ವರ್ಷಕ್ಕೊಮ್ಮೆ ಸತ್ತವರ ಹೆಸರಿನಲ್ಲಿ ಕಾಣಿಕೆ ಅರ್ಪಿಸುವುದು ತಮ್ಮ ರೂಢಿ ಎಂದು ಬರೆದು, ಇಂಥವಕ್ಕೆಲ್ಲ ಶ್ರೀಗ್ರಂಥದ ಅಪ್ಪಣೆ ಕೇಳಿದರೆ ಸಿಗದು, ಇದು ಹಿರಿಯರಿಂದ ಬಂದ ಪರಂಪರೆ ಎಂದು ನೇರವಾಗಿ ಒಪ್ಪುತ್ತಾರೆ. ವಚನಗಳನ್ನು ಎಳೆದಾಡಿ ಸಾಧಿಸುವ ಇಂದಿನ ಎಷ್ಟೋ ಕಥೋಲಿಕ ಕರಪತ್ರಗಳಿಗಿಂತ ಈ ಉತ್ತರ ಪ್ರಾಮಾಣಿಕ. ಧರ್ಮಸಭೆಯ ಅಧಿಕೃತ ನಿಲುವೂ ಇದಕ್ಕೆ ಹತ್ತಿರದ್ದೇ. ಶ್ರೀಗ್ರಂಥ ಮತ್ತು ಪರಂಪರೆ ಎರಡೂ ಒಂದೇ ಬುಗ್ಗೆಯಿಂದ ಬಂದವು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು.

ಈ ಪರಂಪರೆಯಲ್ಲೂ ಎಲ್ಲವೂ ಒಂದೇ ವಯಸ್ಸಿನದಲ್ಲ. ಪ್ರಾರ್ಥನೆ ಹಳೆಯದು, ಸ್ಥಳ ಹೊಸದು. ಶುದ್ಧೀಕರಣ ಸ್ಥಳಕ್ಕೆ ಲ್ಯಾಟಿನ್‌ನಲ್ಲಿ ಒಂದು ನಾಮಪದ ಹುಟ್ಟಿದ್ದೇ 12ನೇ ಶತಮಾನದ ಕೊನೆಗೆ ಎಂದು ಫ್ರೆಂಚ್ ಇತಿಹಾಸಕಾರ ಜಾಕ್ ಲೆ ಗಾಫ್ 1981ರಲ್ಲಿ ವಾದಿಸಿದರು. ಪೂರ್ವದ ಆರ್ಥಡಾಕ್ಸ್ ಸಭೆಗಳು ಇಂದಿಗೂ ಸತ್ತವರಿಗಾಗಿ ಪ್ರಾರ್ಥಿಸುತ್ತವೆ, ಲ್ಯಾಟಿನರ ಶುದ್ಧೀಕರಣದ ಬೆಂಕಿಯನ್ನು ಮಾತ್ರ ಒಪ್ಪುವುದಿಲ್ಲ. ಟ್ರೆಂಟ್ ಮಹಾಸಭೆ 1563ರಲ್ಲಿ ಈ ಬಗ್ಗೆ ಹೊರಡಿಸಿದ ನಿರ್ಣಯವನ್ನು ಓದಿದರೆ ಅಚ್ಚರಿಯಾಗುತ್ತದೆ: ಬೆಂಕಿಯ ಮಾತಿಲ್ಲ, ವರ್ಷಗಳ ಲೆಕ್ಕವಿಲ್ಲ. ಶುದ್ಧೀಕರಣ ಸ್ಥಳವಿದೆ, ಪ್ರಾರ್ಥನೆ ನೆರವಾಗುತ್ತದೆ, ಇಷ್ಟೇ. ಮಿಕ್ಕಿದ್ದು ಬಿಷಪ್‌ಗಳಿಗೆ ತಾಕೀತು: ಸಾಮಾನ್ಯ ಜನರ ಮುಂದೆ ಜಟಿಲ ಪ್ರಶ್ನೆ ಎತ್ತಬೇಡಿ, ದುಡ್ಡಿನ ವಾಸನೆ ಹೊಡೆಯುವುದನ್ನು ನಿಲ್ಲಿಸಿ. 1567ರಲ್ಲಿ ಪೋಪ್ ಐದನೆಯ ಪಿಯುಸ್ ಹಣಕ್ಕೆ ಕೊಡುವ ಮಾಫಿಗಳನ್ನೆಲ್ಲ ರದ್ದು ಮಾಡಿದರು. ಲೂಥರ್ ಕೇಳಿದ್ದರಲ್ಲಿ ಅರ್ಧ ಅಲ್ಲಿ ದಕ್ಕಿತು, 50 ವರ್ಷ ತಡವಾಗಿ.

ಮಿಕ್ಕ ಆಚರಣೆಗಳು

ಗುರುವಿನ ಮುಂದೆ ಪಾಪನಿವೇದನೆಗೆ ಯೊವಾನ್ನನ 20ನೇ ಅಧ್ಯಾಯ ಆಧಾರ. ಪಾಪ ಕ್ಷಮಿಸುವ ಅಧಿಕಾರವನ್ನು ಯೇಸು ಶಿಷ್ಯರಿಗೆ ಕೊಡುವುದು ಅಲ್ಲಿ. ವರ್ಷಕ್ಕೊಮ್ಮೆಯಾದರೂ ಮಾಡಲೇಬೇಕು ಎಂಬ ನಿಯಮ 1215ರದು. ಮರಿಯಮ್ಮನ ಜಪದ ಮೊದಲರ್ಧ ಲೂಕನ ಶುಭಸಂದೇಶದಿಂದ ಬಂದದ್ದು. ನಮಗಾಗಿ ಬೇಡಿಕೋ ಎನ್ನುವ ಉತ್ತರಾರ್ಧ ಈಗಿನ ರೂಪದಲ್ಲಿ ಅಧಿಕೃತವಾದದ್ದು 1568ರಲ್ಲಿ. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಹೊಸ ಭತ್ತದ ತೆನೆ ಮನೆಗೆ ತಂದು ಮೊಂತಿ ಹಬ್ಬ ಮಾಡುವುದು ಮರಿಯಳ ಜನ್ಮದಿನವೆಂದು. ಆ ಜನ್ಮದ ಕಥೆ, ಅನ್ನ ಮತ್ತು ಜೋಕಿಮ್ ಎಂಬ ತಂದೆತಾಯಿಯ ಹೆಸರು, ಯಾವ ಬೈಬಲ್‌ನಲ್ಲೂ ಇಲ್ಲ. ಯಕೋಬನ ಹೆಸರಿನ 2ನೇ ಶತಮಾನದ ಒಂದು ಬರಹದಿಂದ ಬಂದದ್ದು. ಮರಿಯಳ ಸ್ವರ್ಗಾರೋಹಣ 1950ರಲ್ಲಿ ವಿಶ್ವಾಸಸತ್ಯವಾಗಿ ಘೋಷಣೆಯಾಯಿತು. ಅದಕ್ಕೆ ನೇರ ವಚನ ಇಲ್ಲ.

ಪರಮಪ್ರಸಾದದ ವಿಷಯಕ್ಕೆ ಬಂದರೆ ಪಾತ್ರಗಳು ಅದಲುಬದಲು. ರೊಟ್ಟಿಯ ಬಗ್ಗೆ ಯೇಸು ಆಡಿದ ‘ಇದು ನನ್ನ ದೇಹ’ ಎಂಬ ಮಾತನ್ನು ಇಲ್ಲಿ ಅಕ್ಷರಶಃ ಓದುವವರು ಕಥೋಲಿಕರು, ಸಂಕೇತವೆನ್ನುವವರು ಬಹುಪಾಲು ಪ್ರೊಟೆಸ್ಟೆಂಟರು. ಬೈಬಲ್ ಒಂದೇ ಸಾಕು ಎಂದ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ 1529ರಲ್ಲಿ ಮಾರ್ಬರ್ಗ್ ಕೋಟೆಯಲ್ಲಿ ಇದೇ ವಿಷಯಕ್ಕೆ ಎದುರುಬದುರಾದರು. ಯೇಸುವಿನ ಆ ಮಾತನ್ನು ಲೂಥರ್ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಲ್ಯಾಟಿನ್‌ನಲ್ಲಿ ಬರೆದಿಟ್ಟು, ಕೊನೆಯವರೆಗೂ ಅಲ್ಲಿಂದ ಕದಲಲಿಲ್ಲ. ಒಂದೇ ಗ್ರಂಥ, ಒಂದೇ ವಾಕ್ಯ, ಎರಡು ಪಂಗಡ.

ಇನ್ನು ಜನ ಮೊದಲು ಕೇಳುವ ಪ್ರಶ್ನೆ, ಪಾದ್ರಿಗಳೇಕೆ ಮದುವೆಯಾಗುವುದಿಲ್ಲ? ಪೇತ್ರನಿಗೆ ಅತ್ತೆ ಇದ್ದಳೆಂದು ಮಾರ್ಕನ ಮೊದಲ ಅಧ್ಯಾಯವೇ ಹೇಳುತ್ತದೆ. ಸಭಾಧ್ಯಕ್ಷ ಏಕಪತ್ನೀವ್ರತನಾಗಿರಬೇಕು ಎಂದು ತಿಮೊಥೇಯನಿಗೆ ಬರೆದ ಪತ್ರದಲ್ಲಿದೆ. ಇದಕ್ಕೆ ಕಥೋಲಿಕರು ಹೆಚ್ಚು ವಾದಿಸುವುದೂ ಇಲ್ಲ, ಏಕೆಂದರೆ ಇದು ವಿಶ್ವಾಸಸತ್ಯವಲ್ಲ, ಶಿಸ್ತಿನ ಕಟ್ಟಳೆ. ಪಶ್ಚಿಮದ ಸಭೆಯಲ್ಲಿ ಗುರುವಿನ ಮದುವೆ ಅಸಿಂಧು ಎಂದಾದದ್ದು 1139ರಲ್ಲಿ. ಪೋಪ್ ಅಧಿಕಾರವನ್ನೇ ಒಪ್ಪಿರುವ ಪೂರ್ವದ ಹಲವು ಕಥೋಲಿಕ ಸಭೆಗಳಲ್ಲಿ ಮದುವೆಯಾದವರು ಇಂದಿಗೂ ಗುರುಗಳಾಗುತ್ತಾರೆ. ಈ ಕಟ್ಟಳೆಯನ್ನು ನಾಳೆ ಒಬ್ಬ ಪೋಪ್ ಬದಲಿಸಬಹುದು. ಶುದ್ಧೀಕರಣ ಸ್ಥಳವನ್ನು ಹಾಗೆ ತೆಗೆದುಹಾಕುವ ಅಧಿಕಾರ ಯಾವ ಪೋಪ್‌ಗೂ ಇಲ್ಲ.