ಗಾಳಿಯಂತ್ರಕ್ಕೂ ಮನೆಗೂ 500 ಮೀಟರ್ ಸಾಕೇ?

ಆಂಧ್ರದ ಕರ್ನೂಲು ಜಿಲ್ಲೆಯ ಸಿ. ಬೆಳಗಲ್ ಕಡೆಯಿಂದ ಆದೋನಿ ದಾಟಿ ಆಸ್ಪರಿ, ಆಲೂರು ಸೀಮೆಗೆ ಹೋದರೆ ಗಾಳಿಯಂತ್ರಗಳು ಸಾಲುಸಾಲಾಗಿ ಕಾಣುತ್ತವೆ. ಮುಂಗಾರಿನ ಗಾಳಿ ಬೀಸುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವುಗಳಿಗೆ ಸುಗ್ಗಿ. ಕಲ್ಲಿದ್ದಲು ಸುಡದೆ ಬರುವ ಈ ವಿದ್ಯುತ್ ನಮಗೆ ಬೇಕೇ ಬೇಕು. ಆದರೆ ಪಕ್ಕದ ಊರಿನವರ ನಿದ್ದೆ ಕಾಯುವ ನಿಯಮ ಇನ್ನೂ ಗಟ್ಟಿಯಾಗಿಲ್ಲ.

ಸದ್ದು ಹುಟ್ಟುವುದು ಮುಖ್ಯವಾಗಿ ರೆಕ್ಕೆಯ ತುದಿಯ ಬಳಿ. ಕೆಳಗೆ ನಿಂತು ನೋಡಿದರೆ ರೆಕ್ಕೆ ನಿಧಾನಕ್ಕೆ ತಿರುಗುವಂತೆ ಕಾಣುತ್ತದೆ. ತುದಿಯ ವೇಗ ಮಾತ್ರ ಗಂಟೆಗೆ 250 ಕಿಲೋಮೀಟರ್ ಮುಟ್ಟುವುದುಂಟು. ಗಾಳಿ ಸೀಳುವ ಆ ಸದ್ದು ಏರುತ್ತಾ ಇಳಿಯುತ್ತಾ ಬರುತ್ತದೆ. ಹಗಲಿನ ಗದ್ದಲದಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ರಾತ್ರಿ ನೆಲ ತಣಿದ ಮೇಲೆ ಅಂಗಳದ ಬೇವಿನ ಎಲೆ ಅಲುಗದಿದ್ದರೂ ನೂರು ಮೀಟರ್ ಎತ್ತರದಲ್ಲಿ ಗಾಳಿ ಜೋರಾಗಿಯೇ ಇರಬಹುದು. ಮಾಳಿಗೆಯ ಮೇಲೆ ಮಲಗಿದವರಿಗೆ ಆಗ ಕೇಳುವುದು ಅದೊಂದೇ.

ಲೆಕ್ಕ ತಪ್ಪುವುದೆಲ್ಲಿ?

ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯದ 2016ರ ಮಾರ್ಗಸೂಚಿಯ ಪ್ರಕಾರ ಯಾವುದೇ ಮನೆಯಿಂದ 500 ಮೀಟರ್ ಒಳಗೆ ಗಾಳಿಯಂತ್ರ ನಿಲ್ಲಿಸುವಂತಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ.

ಎರಡನ್ನೂ ಜೋಡಿಸಿ ನೋಡಿ. 500 ಮೀಟರ್ ದೂರದ ಒಂದು ಯಂತ್ರದಿಂದ ಮನೆಗೆ 40 ಡೆಸಿಬೆಲ್ ಸದ್ದು ತಲುಪುತ್ತದೆ ಎಂದಿಟ್ಟುಕೊಳ್ಳೋಣ. ಅಷ್ಟೇ ದೂರದಲ್ಲಿ ಎರಡಾದರೆ 43, ನಾಲ್ಕಾದರೆ 46. ದೂರದ ನಿಯಮ ಎಲ್ಲೂ ಮುರಿದಿಲ್ಲ, ಸದ್ದಿನ ಮಿತಿ ಮಾತ್ರ ಮೀರಿದೆ! ಅದರ ಮೇಲೆ, ಶಬ್ದ ನಿಯಮಗಳಡಿ ಮಿತಿಗಿಂತ 10 ಡೆಸಿಬೆಲ್ ಹೆಚ್ಚಿದ್ದರೆ ದೂರು ಕೊಡಬಹುದು ಎಂದಿದೆ. 10 ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ. ಹಾಗಾಗಿ ಅದರಡಿಯ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ.

ಹೊರಗಿನವರು ಕಂಡ ದಾರಿ

ಡೆನ್ಮಾರ್ಕ್‌ನಲ್ಲಿ ಸುತ್ತಲಿನ ಎಲ್ಲ ಯಂತ್ರಗಳ ಒಟ್ಟು ಸದ್ದಿಗೇ ಮಿತಿ. ಗಾಳಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬೀಸುವಾಗ ಬಯಲಿನ ಒಂಟಿ ಮನೆಯ ಬಳಿ 44 ಡೆಸಿಬೆಲ್, ವಸತಿ ಪ್ರದೇಶದಲ್ಲಿ 39 ಮೀರಬಾರದು. ಮನೆಯೊಳಗಿನ ತಗ್ಗುದನಿಯ ಗುಂಯ್‌ಗುಡುವಿಕೆಗೂ ಅಲ್ಲಿ ಪ್ರತ್ಯೇಕ ಮಿತಿಯಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಸುಪ್ರೀಂ ಕೋರ್ಟ್ 2022ರ ಮಾರ್ಚ್‌ನಲ್ಲಿ, ರಾತ್ರಿಯ ಸದ್ದಿನಿಂದ ನಿದ್ದೆ ಕೆಟ್ಟ ನೆರೆಯವರಿಗೆ ಪರಿಹಾರ ಕೊಡಿಸಿ, ಆ ಉಪದ್ರವ ನಿಲ್ಲಿಸುವಂತೆ ಆದೇಶಿಸಿತು.

ನಮ್ಮಲ್ಲೂ ಇದು ಆಗದ ಕೆಲಸವಲ್ಲ. ರೆಕ್ಕೆಯ ಹಿಂಬದಿಯ ಅಂಚಿಗೆ ಗರಗಸದ ಹಲ್ಲಿನಂಥ ಪಟ್ಟಿ ಅಂಟಿಸಿದರೆ ಸದ್ದು ತಗ್ಗುತ್ತದೆ. ರಾತ್ರಿ ವೇಗ ಇಳಿಸಿದರೆ ಇನ್ನಷ್ಟು ತಗ್ಗುತ್ತದೆ, ಸ್ವಲ್ಪ ವಿದ್ಯುತ್ ಕಡಿಮೆಯಾದರೂ ಸರಿಯೇ. ಅಳತೆ ನಡೆಯಬೇಕಾದದ್ದು ಮನೆಯ ಬಾಗಿಲಲ್ಲಿ, ಆಷಾಢದ ಗಾಳಿಯಲ್ಲಿ, ನಡುರಾತ್ರಿ. ಸಿಕ್ಕ ಅಂಕಿಗಳನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು, ಕನ್ನಡದಲ್ಲೂ ತೆಲುಗಿನಲ್ಲೂ. ಹೊಸ ಯಂತ್ರಕ್ಕೆ ಒಪ್ಪಿಗೆ ಕೊಡುವ ಮೊದಲು ಈಗಾಗಲೇ ಇರುವ ಯಂತ್ರಗಳ ಸದ್ದನ್ನೂ ಕೂಡಿಸಿ ನೋಡಬೇಕು. ಗಾಳಿ ವಿದ್ಯುತ್ ಊರಿನವರ ಒಪ್ಪಿಗೆಯಿಂದ ಬೆಳೆಯಬೇಕಾದರೆ ಇಷ್ಟಾದರೂ ಆಗಲೇಬೇಕು.