ಹಂಚಿಕೆಯ ಆಕರಕೋಶ: ನೋಡುವವರು ಯಾರು, ತಿದ್ದುವವರು ಯಾರು?

ಹೊರನಾಡಿನ ಕನ್ನಡ ಸಂಶೋಧಕನಿಗೆ ಆಕರಗಳು ಒಂದೆಡೆ ದೊರೆಯುವುದು ವಿರಳ. ಮುಂಬಯಿಯನ್ನೇ ನೋಡಬಹುದು. ವಿಶ್ವವಿದ್ಯಾಲಯದ ಕನ್ನಡ ವಿಭಾಗವಿರುವುದು ಕಲೀನಾದಲ್ಲಿ. ಮೈಸೂರು ಅಸೋಸಿಯೇಷನ್ ಇರುವುದು ಮಾಟುಂಗಾದಲ್ಲಿ. ಹಳೆಯ ಪತ್ರಿಕೆಗಳು, ಸ್ಮರಣ ಸಂಚಿಕೆಗಳು, ಯಕ್ಷಗಾನ ಪ್ರಸಂಗಗಳು ಉಳಿದಿರುವುದು ಮಲಾಡಿನಂತಹ ಉಪನಗರಗಳ ಮನೆಗಳಲ್ಲಿ. ಇವೆಲ್ಲವನ್ನೂ ಹಲವರು ಕೂಡಿ ಒಂದೇ ಸೂಚಿಗೆ ತರಲು ಜೊಟೆರೊ ಎಂಬ ಉಚಿತ ತಂತ್ರಾಂಶ ನೆರವಾಗುತ್ತದೆ. ಅದು ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2006ರಲ್ಲಿ ಬಳಕೆಗೆ ಬಂದಿತು.

ಇದರಲ್ಲಿ ಗುಂಪುಗಳು ಮೂರು ಬಗೆ: ಹೊರಗಿನವರಿಗೆ ಕಾಣದ ಖಾಸಗಿ ಗುಂಪು, ಎಲ್ಲರಿಗೂ ಕಂಡರೂ ಒಪ್ಪಿಗೆಯಿಲ್ಲದೆ ಸೇರಲಾಗದ ಗುಂಪು, ಯಾರು ಬೇಕಾದರೂ ಸೇರಬಹುದಾದ ಮುಕ್ತ ಗುಂಪು. ಮುಕ್ತ ಗುಂಪಿನಲ್ಲಿ ಕಡತಗಳನ್ನು ಹಂಚಿಕೊಳ್ಳಲು ಅವಕಾಶವಿಲ್ಲ. ಕೃತಿಸ್ವಾಮ್ಯದ ಭಯವೇ ಅದಕ್ಕೆ ಕಾರಣ. ಓದುವ, ನಮೂದುಗಳನ್ನು ತಿದ್ದುವ, ಕಡತಗಳನ್ನು ಬದಲಿಸುವ ಅಧಿಕಾರಗಳನ್ನು ಬೇರೆ ಬೇರೆಯಾಗಿ ನಿಗದಿಪಡಿಸಬಹುದು. ತಿದ್ದುವ ಹಕ್ಕನ್ನು ಎಲ್ಲ ಸದಸ್ಯರಿಗೂ ಕೊಡಬಹುದು, ನಿರ್ವಾಹಕರಿಗಷ್ಟೇ ಉಳಿಸಿಕೊಳ್ಳಲೂಬಹುದು.

ಗ್ರಂಥಸಂಪಾದನೆಯ ಪರಿಚಯವಿರುವವರಿಗೆ ಇದರ ಮಹತ್ವವನ್ನು ಒಂದು ನಿದರ್ಶನದಿಂದ ತಿಳಿಸಬಹುದು. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಸಂಪಾದಿಸಿದ 'ವಡ್ಡಾರಾಧನೆ' ಶಿವಕೋಟ್ಯಾಚಾರ್ಯನ ಹೆಸರಿನಲ್ಲಿದೆ. ಕರ್ತೃ ಭ್ರಾಜಿಷ್ಣು ಎಂಬ ವಾದವೂ ವಿದ್ವತ್‌ವಲಯದಲ್ಲಿದೆ. ಆ ವಾದವನ್ನು ಒಪ್ಪಿದ ಸದಸ್ಯನೊಬ್ಬ ಸದುದ್ದೇಶದಿಂದಲೇ ಕರ್ತೃವಿನ ಹೆಸರನ್ನು ಬದಲಿಸಿದನೆನ್ನಿ. ಆ ನಮೂದನ್ನು ಗುಂಪಿನ ಕೋಶದಿಂದಲೇ ಉಲ್ಲೇಖಿಸಿರುವ ಇತರರ ಪ್ರಬಂಧಗಳಲ್ಲಿಯೂ, ಉಲ್ಲೇಖಗಳು ನವೀಕರಣಗೊಂಡೊಡನೆ, ಹೆಸರು ಬದಲಾಗುತ್ತದೆ. ಓಲೆಗರಿಯಲ್ಲಿ ಲಿಪಿಕಾರನ ತಿದ್ದುಪಡಿಗೆ ಅಕ್ಷರದ ಮೈಕಟ್ಟಾದರೂ ಸಾಕ್ಷಿ ನುಡಿಯುತ್ತದೆ. ಇಲ್ಲಿ ಹಳೆಯ ಪಾಠವನ್ನು ಮರಳಿ ತೋರಿಸುವ ಏರ್ಪಾಡಿಲ್ಲ. ಆದುದರಿಂದ ತಿದ್ದುವ ಅಧಿಕಾರ ಇಬ್ಬರು ಮೂವರಲ್ಲಿರುವುದೇ ಲೇಸು. ಉಳಿದವರು ತಮ್ಮ ಸೂಚನೆಗಳನ್ನು ಅವರಿಗೆ ಬರೆದು ತಿಳಿಸಲಿ. ಇದರಿಂದ ಕೆಲಸ ನಿಧಾನವಾಗುತ್ತದೆ, ನಿಜ. ಪ್ರಕ್ಷೇಪಗಳನ್ನು ಕೀಳುವ ಕೆಲಸ ಅದಕ್ಕಿಂತ ನಿಧಾನ. ಗುಂಪಿನ ನಮೂದನ್ನು ಸ್ವಂತ ಕೋಶಕ್ಕೆ ಎಳೆದುಕೊಂಡರೆ ಅದು ಬೇರೆಯೇ ಪ್ರತಿಯಾಗುತ್ತದೆ. ಆ ಬಳಿಕ ಒಂದರ ತಿದ್ದುಪಡಿ ಇನ್ನೊಂದನ್ನು ಮುಟ್ಟುವುದಿಲ್ಲ. ಪ್ರಬಂಧ ಸಲ್ಲಿಸಲಿರುವವರಿಗೆ ಇದು ಉಪಯುಕ್ತ.

ಖಾಸಗಿತನದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಮಲಾಡಿನ ಒಂದು ಮನೆಯಲ್ಲಿ ಹಳೆಯ ಸಂಚಿಕೆಗಳನ್ನು ನೋಡಿಬಂದ ಸಂಶೋಧಕ, ನಮೂದಿನ ಕೆಳಗೆ ಮನೆಯವರ ಹೆಸರು, ದೂರವಾಣಿ ಸಂಖ್ಯೆ, 'ಮಾರುವ ಆಲೋಚನೆಯಲ್ಲಿದ್ದಾರೆ' ಎಂಬ ಟಿಪ್ಪಣಿ ಬರೆದಿಡುವುದು ಸಹಜ. ನಮೂದು ಗುಂಪಿನದಾದರೆ ಆ ಟಿಪ್ಪಣಿ ಸದಸ್ಯರೆಲ್ಲರ ಕಣ್ಣಿಗೂ ಬೀಳುತ್ತದೆ. ಅನುಮತಿಗಳು ಇಡೀ ಕೋಶಕ್ಕೆ ಅನ್ವಯಿಸುವುದರಿಂದ, ಒಳಗಿನ ಒಂದು ವಿಭಾಗವನ್ನು ಮಾತ್ರ ಮರೆಮಾಡಲಾಗದು. ನಂಬಿ ಬಾಗಿಲು ತೆರೆದ ಮನೆಯವರ ವಿವರ ಸ್ವಂತ ಕೋಶದಲ್ಲಿಯೇ ಇರಲಿ. ಗುಂಪಿನಲ್ಲಿ 'ಖಾಸಗಿ ಸಂಗ್ರಹ, ಮಲಾಡ್' ಎಂದಿದ್ದರೆ ಸಾಕು. ಸದಸ್ಯನೊಬ್ಬ ಒಮ್ಮೆ ನಕಲು ಮಾಡಿಕೊಂಡುದನ್ನು ಗುಂಪಿನಿಂದ ಅಳಿಸಿ ಹಿಂಪಡೆಯಲಾಗದು.

ಗುಂಪಿಗೆ ಸೇರಿಸಿದ ಛಾಯಾಪ್ರತಿಗಳ ಸ್ಥಳ ಗುಂಪಿನ ಒಡೆಯನ ಖಾತೆಯಿಂದಲೇ ಕಳೆಯುತ್ತದೆ. ಉಚಿತವಾಗಿ ದೊರೆಯುವುದು 300 ಮೆಗಾಬೈಟ್ ಮಾತ್ರ. ಹಳೆಯ ಪತ್ರಿಕೆಯ ಕೆಲವೇ ಸಂಪುಟಗಳಿಗೆ ಅದು ತುಂಬಿಹೋಗುತ್ತದೆ. ಒಡೆತನ ಪ್ರಾಧ್ಯಾಪಕರೊಬ್ಬರ ಹೆಸರಿನಲ್ಲಿದ್ದರೆ, ಅವರು ನಿವೃತ್ತರಾಗುವ ಮುನ್ನ ಅದನ್ನು ಮತ್ತೊಬ್ಬ ಸದಸ್ಯರಿಗೆ ವರ್ಗಾಯಿಸಿಕೊಳ್ಳತಕ್ಕದ್ದು.